ಸಾಫ್ಟ್‌ವೇರ್ ಕಲಿಸಿದ್ದಾಯಿತು, ಚಲನೆ ಕಲಿಸುವವರಾರು?

2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಸಮೂಹ ಕುಸಿದಾಗ ಅದರ ಬೆಂಗಳೂರು ಘಟಕವೂ ಬಾಗಿಲು ಮುಚ್ಚಿತು. ಹಾಲಿವುಡ್ ಚಿತ್ರಗಳಿಗೆ ದುಡಿಯುತ್ತಿದ್ದ ಸಾವಿರಾರು ಕಲಾವಿದರು ದಿಢೀರನೆ ಬೀದಿಗೆ ಬಿದ್ದರು. ವಿಪರ್ಯಾಸವೆಂದರೆ, ಅದಕ್ಕೆ ಸುಮಾರು ಒಂದು ವರ್ಷ ಮೊದಲು ರಾಜ್ಯ ಸರ್ಕಾರ ಅನಿಮೇಷನ್ ಮತ್ತು ಗೇಮಿಂಗ್ ವಲಯಕ್ಕೆಂದು 2024-29ರ ನೀತಿ ಪ್ರಕಟಿಸಿ, 30 ಸಾವಿರ ಉದ್ಯೋಗಗಳ ಗುರಿ ಹಾಕಿಕೊಂಡಿತ್ತು. ಕಂಪನಿ ಮುಳುಗಿದ್ದಕ್ಕೆ ಶಿಕ್ಷಣ ಕಾರಣವಲ್ಲ, ನಿಜ. ಆದರೆ ಕೆಲಸ ಹೋದ ಮೇಲೂ ಕೈಯಲ್ಲಿ ಉಳಿಯುವ ವಿದ್ಯೆ ಯಾವುದೆಂಬ ಪ್ರಶ್ನೆಗೆ ವಿಶ್ವವಿದ್ಯಾಲಯಗಳು ಉತ್ತರಿಸಲೇಬೇಕಾಗಿದೆ.

ಅನಿಮೇಷನ್ ಪದವಿಗಳ ಪಠ್ಯಪಟ್ಟಿ ತಿರುವಿದರೆ ಅನೇಕ ಕಡೆ ಎದುರಾಗುವುದು ಸಾಫ್ಟ್‌ವೇರ್‌ಗಳ ಹೆಸರುಗಳ ಸಾಲು. ಅವುಗಳ ಆಯುಷ್ಯವೋ ಅಲ್ಪ. ಒಂದು ಕಾಲಕ್ಕೆ ಮೆರೆದ ಸಾಫ್ಟ್‌ಇಮೇಜ್‌ಗೆ ವಿದಾಯ ಹೇಳುವುದಾಗಿ ಅದರ ಒಡೆತನದ ಕಂಪನಿ 2014ರಲ್ಲೇ ಸಾರಿತು. ಫ್ಲ್ಯಾಶ್ ಪ್ಲೇಯರ್ 2020ರ ಕೊನೆಗೆ ಕಣ್ಮುಚ್ಚಿತು. ಲಾಟ್ವಿಯಾದ ನಿರ್ದೇಶಕ ಗಿಂಟ್ಸ್ ಜಿಲ್ಬಲೋಡಿಸ್ ಪುಕ್ಕಟೆ ಸಿಗುವ ಬ್ಲೆಂಡರ್‌ನಲ್ಲಿ ರೂಪಿಸಿದ 'ಫ್ಲೋ' 2025ರಲ್ಲಿ ಆಸ್ಕರ್ ಗೆದ್ದಿತು. ಅಲ್ಲಿ ಗೆದ್ದದ್ದು ದುಬಾರಿ ಸಲಕರಣೆಯಲ್ಲ. ಒಂದು ಬೆಕ್ಕು ಹೇಗೆ ಹೆದರುತ್ತದೆ, ಹೇಗೆ ಹಾರುತ್ತದೆ ಎಂಬುದನ್ನು ಕಂಡ ಕಣ್ಣು.

ಚಲನೆಗೂ ಒಂದು ವ್ಯಾಕರಣವಿದೆ. ಪರದೆಯ ಮೇಲೆ ಸೆಕೆಂಡಿಗೆ 24 ಚೌಕಟ್ಟುಗಳು ಸರಿಯುತ್ತವೆ. ಒಂದು ಕೈ ಮೇಲಿನಿಂದ ಕೆಳಗಿಳಿಯುವುದಿದೆ ಎನ್ನಿ. ಮೊದಲ ಭಂಗಿ, ಕೊನೆಯ ಭಂಗಿ ಎರಡೂ ಅವೇ. ನಡುವೆ ಎರಡೇ ಚಿತ್ರಗಳಿದ್ದರೆ ಅದು ಏಟು; ಇಪ್ಪತ್ತಿದ್ದರೆ ಆಶೀರ್ವಾದ. ಡಿಸ್ನಿಯ ಫ್ರಾಂಕ್ ಥಾಮಸ್ ಮತ್ತು ಓಲಿ ಜಾನ್ಸ್‌ಟನ್ 1981ರ ಗ್ರಂಥದಲ್ಲಿ ವಿವರಿಸಿದ 12 ಸೂತ್ರಗಳ ತಿರುಳೂ ಇಂಥದ್ದೇ. ಪೆನ್ಸಿಲ್‌ಗಾಗಿ ಹುಟ್ಟಿದ ಆ ಸೂತ್ರಗಳು ಕಂಪ್ಯೂಟರಿಗೂ ಸಲ್ಲುತ್ತಿವೆ. ನಡುವಿನ ಚಿತ್ರಗಳನ್ನು ತುಂಬುವ ಕೆಲಸಕ್ಕೆ ಕೃತಕ ಬುದ್ಧಿಮತ್ತೆ ಕೈಹಾಕಿರುವ ಈ ಹೊತ್ತಿನಲ್ಲಿ, ಎಷ್ಟು ತುಂಬಬೇಕು ಎಂದು ನಿರ್ಧರಿಸಬಲ್ಲವನಿಗೇ ಬೆಲೆ.

ಭಾರತಕ್ಕೆ ಇದು ಹೊಸ ಪಾಠವೇನಲ್ಲ. 1956ರಲ್ಲಿ ಡಿಸ್ನಿಯ ಕ್ಲೇರ್ ವೀಕ್ಸ್ ಮುಂಬಯಿಯ ಫಿಲ್ಮ್ಸ್ ಡಿವಿಷನ್‌ಗೆ ಬಂದು ರಾಮಮೋಹನ್ ಮೊದಲಾದವರನ್ನು ತರಬೇತುಗೊಳಿಸಿದಾಗ ಕಲಿಸಿದ್ದು ಕಾಗದ, ಪೆನ್ಸಿಲ್ ಮತ್ತು ಕಾಲದ ಲೆಕ್ಕವನ್ನೇ.

ಹಾಗೆಂದು ಸಾಫ್ಟ್‌ವೇರ್ ಬೇಡವೆನ್ನುವುದು ಮೊಂಡುವಾದ. ಸಾಲ ಮಾಡಿ ಶುಲ್ಕ ಕಟ್ಟಿದ ಮನೆಯವರಿಗೆ ಮಗನೋ ಮಗಳೋ ಮೊದಲ ಕೆಲಸ ಹಿಡಿಯುವುದು ಮುಖ್ಯ. ಮಾಯಾ ಬಾರದವರನ್ನು ಸ್ಟುಡಿಯೋಗಳು ಸಂದರ್ಶನಕ್ಕೂ ಕರೆಯುವುದು ಅನುಮಾನ. ನಿಜವಾದ ತೊಡಕಿರುವುದು ಕಲಿಸುವವರಲ್ಲಿ. ಇಪ್ಪತ್ತು ವರ್ಷ ಸ್ಟುಡಿಯೋದಲ್ಲಿ ಪಳಗಿದವರಿಗೆ ಸ್ನಾತಕೋತ್ತರ ಪದವಿಯಾಗಲಿ, ಎನ್‌ಇಟಿಯಾಗಲಿ ಇರುವುದಿಲ್ಲ. ಅವೆಲ್ಲ ಇದ್ದವರು ಒಂದು ನಿಮಿಷದ ಚಿತ್ರವನ್ನೂ ಮಾಡಿರಬೇಕೆಂದಿಲ್ಲ! ಈ ಅಂತರ ತುಂಬಲೆಂದೇ ಯುಜಿಸಿ 2022ರಲ್ಲಿ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಹುದ್ದೆಗೆ ದಾರಿ ತೆರೆಯಿತು. ಕನಿಷ್ಠ 15 ವರ್ಷಗಳ ಅನುಭವವಿದ್ದರೆ ಪದವಿಯ ಕಡ್ಡಾಯವಿಲ್ಲ. ಆದರೆ ಇಂಥವರ ಸಂಖ್ಯೆ ಮಂಜೂರಾದ ಹುದ್ದೆಗಳ ಶೇ. 10ನ್ನು ಮೀರುವಂತಿಲ್ಲ, ಅವಧಿಯೂ ಹೆಚ್ಚೆಂದರೆ ನಾಲ್ಕು ವರ್ಷ. ಸ್ವಹಣಕಾಸಿನ ಕೋರ್ಸುಗಳನ್ನು ಅತಿಥಿ ಉಪನ್ಯಾಸಕರ ಬಲದಿಂದಲೇ ನಡೆಸುವ ಕಾಲೇಜಿನಲ್ಲಿ ಅನಿಮೇಷನ್ನಿಗೆ ಮಂಜೂರಾದ ಹುದ್ದೆಯೇ ಇರುವುದಿಲ್ಲ. ಸೊನ್ನೆಯ ಶೇ. 10 ಎಷ್ಟೆಂದು ಲೆಕ್ಕ ಹಾಕಲು ಯಾವ ಸಾಫ್ಟ್‌ವೇರೂ ಬೇಕಿಲ್ಲ.