ಮದ್ದಿಗೆ ಮಣಿಯದ ಕ್ಷಯ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕುಗಳು 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಗೆ ಸೇರಿವೆ. ತುಂಗಭದ್ರೆಯ ದಂಡೆಯ ಊರುಗಳನ್ನೂ ಕೆರೆ ಬಾವಿಗಳ ಆಶ್ರಯವಿರುವ ಹೊಲಗಳನ್ನೂ ಬಿಟ್ಟರೆ ಇಲ್ಲಿನ ಬೇಸಾಯ ಮಳೆಯನ್ನೇ ನಂಬಿದ್ದು. ಸುಗ್ಗಿ ಮುಗಿದೊಡನೆ, ಮಳೆ ಕೈಕೊಟ್ಟ ವರ್ಷವಾದರೆ ಅದಕ್ಕೂ ಮುಂಚೆಯೇ, ಅನೇಕ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿನ ಕಟ್ಟಡದ ಕೆಲಸಕ್ಕೋ, ಮಲೆನಾಡಿನ ಕಾಫಿ ತೋಟಗಳಿಗೋ ಗುಳೆ ಹೊರಡುತ್ತವೆ. ಗುಳೆಯ ಕಷ್ಟಗಳನ್ನು ಎಣಿಸುವವರು ಕೂಲಿ, ವಸತಿ, ಮಕ್ಕಳ ಶಾಲೆ ಇವುಗಳ ಮಾತನ್ನಾಡುತ್ತಾರೆ. ಅರ್ಧಕ್ಕೆ ನಿಂತುಹೋಗುವ ಔಷಧೋಪಚಾರದ ಮಾತು ಬರುವುದು ವಿರಳ.

ಕ್ಷಯವು ಸದ್ದಿಲ್ಲದೆ ಬರುವ ರೋಗ. ಎರಡು ವಾರಕ್ಕೂ ಮೀರಿದ ಕೆಮ್ಮು, ಸಂಜೆಯ ಹೊತ್ತಿನ ಸಣ್ಣ ಜ್ವರ, ಹಸಿವು ಕುಗ್ಗಿ ಮೈ ಸೊರಗುವುದು ಇವೇ ಮೊದಲ ಲಕ್ಷಣಗಳು. ಏದುಸಿರು ಸಾಮಾನ್ಯವಾಗಿ ತಡವಾಗಿ ಕಾಣುತ್ತದೆ. ಶ್ವಾಸಕೋಶದಲ್ಲಿ ಕುಳಿಗಳು ಬಿದ್ದು ಅದರ ಬಹುಭಾಗ ನಿರುಪಯುಕ್ತವಾದ ಮೇಲೆ ನಾಲ್ಕು ಹೆಜ್ಜೆ ನಡೆದರೂ ಉಸಿರು ಸಾಲದಾಗುತ್ತದೆ. ಜನರು ಇದನ್ನು ದಮ್ಮೆಂದೋ ಬೀಡಿಯ ಫಲವೆಂದೋ ತಿಳಿದು ಸುಮ್ಮನಾಗುವುದುಂಟು. ಒಮ್ಮೆ ಔಷಧ ಸೇವಿಸಿ ಚೇತರಿಸಿಕೊಂಡವನಿಗೆ ಕೆಮ್ಮೂ ಏದುಸಿರೂ ಮರಳಿ ಬಂದರೆ ಮಾತ್ರ ಸುಮ್ಮನಿರುವುದು ಅಪಾಯಕರ. ಹಳೆಯ ಔಷಧಕ್ಕೆ ಬಗ್ಗದ ರೋಗಾಣು ಒಳಗೆ ಬೆಳೆದಿರಬಹುದು.

ಇದು ಹೇಗೆ ಸಂಭವಿಸುತ್ತದೆ? ಜರ್ಮನಿಯ ರಾಬರ್ಟ್ ಕಾಖ್ 1882ರಲ್ಲಿ ಕ್ಷಯದ ರೋಗಾಣುವನ್ನು ಗುರುತಿಸಿದನು. ಅದನ್ನು ಕೊಲ್ಲಬಲ್ಲ ಸ್ಟ್ರೆಪ್ಟೊಮೈಸಿನ್ ದೊರೆತದ್ದು 1943ರಲ್ಲಿ. ಬ್ರಿಟನ್ನಿನ ವೈದ್ಯರು ಈ ಒಂದೇ ಔಷಧವನ್ನು 55 ಮಂದಿಗೆ ಕೊಟ್ಟು, ಕೇವಲ ವಿಶ್ರಾಂತಿಯಲ್ಲಿದ್ದ 52 ಮಂದಿಯೊಡನೆ ಹೋಲಿಸಿ, ಫಲಿತಾಂಶವನ್ನು 1948ರಲ್ಲಿ ಪ್ರಕಟಿಸಿದರು. ಆರು ತಿಂಗಳಲ್ಲಿ ಮೊದಲ ಗುಂಪಿನಲ್ಲಿ 4 ಮಂದಿ, ಎರಡನೆಯದರಲ್ಲಿ 14 ಮಂದಿ ತೀರಿಕೊಂಡಿದ್ದರು. ಇದು ದೊಡ್ಡ ಗೆಲುವೆಂದೇ ತೋರಿತು. ಆದರೆ ಐದು ವರ್ಷಗಳು ಕಳೆಯುವ ಹೊತ್ತಿಗೆ ಆ ಅಂತರ ಬಹುಮಟ್ಟಿಗೆ ಅಳಿಸಿಹೋಗಿತ್ತು. ರೋಗಿಯ ಎದೆಯಲ್ಲಿರುವ ಕೋಟ್ಯಂತರ ರೋಗಾಣುಗಳಲ್ಲಿ ಒಂದು ಔಷಧಕ್ಕೆ ಜಗ್ಗದ ಕೆಲವು ಹುಟ್ಟಿನಿಂದಲೇ ಇರುತ್ತವೆ. ಉಳಿದವು ಸತ್ತ ಮೇಲೆ ಆ ಕೆಲವಕ್ಕೇ ಬಯಲೆಲ್ಲ ದೊರೆಯುತ್ತದೆ. ಪೈರು ಕೊಯ್ದ ಹೊಲದಲ್ಲಿ ಕರಿಕೆ ಹಬ್ಬಿದಂತೆ. ಆದುದರಿಂದಲೇ ಐಸೊನಿಯಾಜಿಡ್, ರಿಫಾಂಪಿಸಿನ್ ಮೊದಲಾದ ನಾಲ್ಕು ಔಷಧಗಳನ್ನು ಒಟ್ಟಿಗೆ ಆರಂಭಿಸಿ, ಚಿಕಿತ್ಸೆಯನ್ನು ಆರು ತಿಂಗಳು ಬಿಡದೆ ನಡೆಸುತ್ತಾರೆ. ಒಂದರಿಂದ ತಪ್ಪಿಸಿಕೊಂಡದ್ದನ್ನು ಮತ್ತೊಂದು ಕೊಲ್ಲುತ್ತದೆ. ಈ ಎರಡು ಮುಖ್ಯ ಔಷಧಗಳಿಗೂ ಬಗ್ಗದ ಕ್ಷಯವನ್ನೇ ಬಹು ಔಷಧ ನಿರೋಧಕ ಕ್ಷಯವೆಂದು ಕರೆಯುವುದು.

ಒಂದೆರಡು ತಿಂಗಳಲ್ಲಿ ಕೆಮ್ಮು ನಿಂತು ಮೈಗೆ ಕಸುವು ಬರುತ್ತದೆ. ಆಗಲೇ ಮೇಸ್ತ್ರಿಯ ಕರೆಯೂ ಬರುತ್ತದೆ. ಕೂಲಿಯವನು ಬಸ್ಸು ಹತ್ತುತ್ತಾನೆ, ಮಾತ್ರೆ ಊರಲ್ಲಿಯೇ ಉಳಿಯುತ್ತದೆ. ಇದನ್ನು ಕಂಡು ರೋಗಿಯ ಅಜ್ಞಾನವನ್ನೂ ಅಲಕ್ಷ್ಯವನ್ನೂ ದೂರುವುದು ವಿದ್ಯಾವಂತರಲ್ಲಿ ಒಂದು ರೂಢಿಯಾಗಿದೆ. ಈ ದೂರು ನ್ಯಾಯವಾದುದಲ್ಲ. 1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬವರು ತುಮಕೂರು ಜಿಲ್ಲೆಯ ಊರೂರುಗಳಲ್ಲಿ ವಿಚಾರಿಸಿ ತಮ್ಮ ವರದಿಯನ್ನು 1963ರಲ್ಲಿ ಪ್ರಕಟಿಸಿದರು. ರೋಗಿಗಳಲ್ಲಿ ಬಹುಪಾಲು ಮಂದಿಗೆ ತಮ್ಮ ರೋಗಲಕ್ಷಣದ ಅರಿವಿತ್ತು. ಸುಮಾರು ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸೆಯನ್ನು ಅರಸಿ ಹೋಗಿಯೂ ಇದ್ದರು. ಅವರಿಗೆ ಸಾಮಾನ್ಯವಾಗಿ ದೊರೆತದ್ದು ಕೆಮ್ಮಿನ ಔಷಧದ ಸೀಸೆ! ಅದೇ ಕಾಲದ ಮದರಾಸಿನ ಪ್ರಯೋಗವೂ ಇಲ್ಲಿ ಸ್ಮರಣೀಯ. ಇಕ್ಕಟ್ಟಾದ ಬಡ ಮನೆಗಳಲ್ಲಿದ್ದುಕೊಂಡೇ ಔಷಧ ಪಡೆದವರು ಆರೋಗ್ಯಧಾಮದಲ್ಲಿ ಹಾಲು ಹಣ್ಣು ಉಂಡು ಮಲಗಿದ್ದವರಷ್ಟೇ ಚೆನ್ನಾಗಿ ಗುಣ ಹೊಂದಿದರೆಂದು 1959ರಲ್ಲಿ ಅದು ತೋರಿಸಿತು. ಔಷಧವು ಕ್ರಮವಾಗಿ ಕೈಸೇರಿದರೆ ಬಡವನೂ ಗುಣಮುಖನಾಗುತ್ತಾನೆ ಎಂಬುದು ಅಂದೇ ಸಿದ್ಧವಾಗಿತ್ತು. ಇನ್ನೊಂದು ವಿಷಯ. ನಿರೋಧಕ ರೋಗಾಣು ಉಸಿರಿನ ಮೂಲಕ ಒಬ್ಬರಿಂದೊಬ್ಬರಿಗೆ ಹರಡುತ್ತದೆ. ತಗಡಿನ ಶೆಡ್ಡಿನಲ್ಲಿ ಪಕ್ಕದಲ್ಲಿ ಮಲಗಿದ್ದವನು ಒಂದು ಮಾತ್ರೆಯನ್ನೂ ತಪ್ಪಿಸದೆ, ನುಂಗದೆಯೇ, ಈ ರೋಗಕ್ಕೆ ಗುರಿಯಾಗಬಹುದು. ಅವನ ಅಲಕ್ಷ್ಯವೆಲ್ಲಿ ಬಂತು?

ಹಿಂದೆ ಈ ರೋಗದ ಚಿಕಿತ್ಸೆ ಎರಡು ವರ್ಷದವರೆಗೂ ನಡೆಯುತ್ತಿತ್ತು. ಚುಚ್ಚುಮದ್ದಿನಿಂದ ಕಿವುಡಾದವರೂ ಇದ್ದರು. 2016ರಲ್ಲಿ ಬೆಡಾಕ್ವಿಲಿನ್ ಭಾರತಕ್ಕೆ ಬಂದಿತು. ನುಂಗುವ ಮಾತ್ರೆಗಳಿಂದಲೇ ಆರು ತಿಂಗಳಲ್ಲಿ ಮುಗಿಯುವ ಕ್ರಮಕ್ಕೆ 2024ರಲ್ಲಿ ಕೇಂದ್ರ ಸರಕಾರ ಒಪ್ಪಿಗೆ ನೀಡಿತು. ರಿಫಾಂಪಿಸಿನ್ ನಾಟುವುದೋ ಇಲ್ಲವೋ ಎಂಬುದನ್ನು ಕಫದಿಂದ ಸುಮಾರು ಎರಡು ಗಂಟೆಗಳಲ್ಲಿ ತಿಳಿಸುವ ಯಂತ್ರಗಳಿವೆ. ಸರಕಾರಿ ಆಸ್ಪತ್ರೆಯಲ್ಲಿ ಇದೆಲ್ಲ ಉಚಿತ. ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡಲಾಗುತ್ತಿತ್ತು. 2024ರ ನವೆಂಬರಿನಿಂದ ಅದು 1000 ಆಗಿದೆ. ಕೂಲಿ ತಪ್ಪಿದವನಿಗೆ ಇದು ಅಲ್ಪವೇ ಸರಿ.

ಗುಳೆಯನ್ನು ನಿಲ್ಲಿಸುವುದು ಆಸ್ಪತ್ರೆಯ ಕೈಯಲ್ಲಿಲ್ಲ. ಆದರೆ ಔಷಧವೂ ಗುಳೆ ಹೋಗುವಂತೆ ಮಾಡಬಹುದು. ರೋಗಿಯ ವಿವರ ನಿಕ್ಷಯ್ ಎಂಬ ದಾಖಲೆಯಲ್ಲಿ ಒಂದು ಸಂಖ್ಯೆಯೊಡನೆ ಇರುತ್ತದೆ. ಹೊರಡುವ ಮುನ್ನ ಆ ಸಂಖ್ಯೆಯನ್ನು ಬರೆದ ಚೀಟಿಯನ್ನೂ ದಾರಿಯ ದಿನಗಳಿಗೆ ಸಾಲುವಷ್ಟು ಮಾತ್ರೆಯನ್ನೂ ಅವನ ಕೈಗಿಡುವುದು, ಹೋಗುವ ಊರಿನ ಆಸ್ಪತ್ರೆಗೆ ಸುದ್ದಿ ಮುಟ್ಟಿಸುವುದು ಆರೋಗ್ಯ ಕೇಂದ್ರದ ಕೆಲಸ. ಮಾತ್ರೆ ತರಲು ಹೋದ ದಿನ ಕೂಲಿ ಕತ್ತರಿಸದಿರುವುದು ಮೇಸ್ತ್ರಿಯ ಕೆಲಸ. ಹರಪನಹಳ್ಳಿಯಿಂದ ಹೊರಟವನು ಚಿಕ್ಕಮಗಳೂರಿನ ಸರಕಾರಿ ಆಸ್ಪತ್ರೆಯಲ್ಲಿ ಆ ಚೀಟಿಯನ್ನು ತೋರಿಸಿ, ಊರಲ್ಲಿ ನಿಂತ ದಿನದಿಂದಲೇ ಚಿಕಿತ್ಸೆಯನ್ನು ಮುಂದುವರಿಸಬಹುದು.