ಕೊನೆಯ ಉಪನ್ಯಾಸ: ಉಳಿದದ್ದೇನು?

ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನ ಪ್ರಾಧ್ಯಾಪಕ ರ‍್ಯಾಂಡಿ ಪಾಶ್ 2007ರ ಸೆಪ್ಟೆಂಬರ್ 18ರಂದು ಮಾಡಿದ ಉಪನ್ಯಾಸವನ್ನು ಜಗತ್ತು ಕೋಟಿಗೂ ಹೆಚ್ಚು ಬಾರಿ ನೋಡಿದೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಆ ಹೊತ್ತಿಗೆ ಯಕೃತ್ತಿಗೂ ಹಬ್ಬಿತ್ತು. 46 ವರ್ಷದ ಮೇಷ್ಟ್ರು ತಮ್ಮ ಗೆಡ್ಡೆಗಳ ಸ್ಕ್ಯಾನ್ ಚಿತ್ರವನ್ನು ಪರದೆಯ ಮೇಲೆ ತೋರಿಸಿ, ವೇದಿಕೆಯಲ್ಲೇ ದಂಡ ಹೊಡೆದು, ಬಾಲ್ಯದ ಕನಸುಗಳ ಕಥೆಗೆ ತೊಡಗಿದರು. ಇದೆಲ್ಲ ತಮ್ಮ ಮೂವರು ಪುಟ್ಟ ಮಕ್ಕಳಿಗಾಗಿ ಎಂಬ ಗುಟ್ಟನ್ನು ಕೊನೆಗೆ ಬಿಟ್ಟುಕೊಟ್ಟರು. 2008ರ ಜುಲೈ 25ರಂದು ತೀರಿಕೊಂಡರು.

ಅವರಿಗಿಂತ ಒಂದು ದಶಕ ಮೊದಲೇ, ಬೋಸ್ಟನ್ ಸಮೀಪದ ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಕಲಿಸಿದ್ದ ಮೋರಿ ಶ್ವಾರ್ಟ್ಜ್ ಇದೇ ದಾರಿ ತುಳಿದಿದ್ದರು. ಸ್ನಾಯುಗಳು ಒಂದೊಂದಾಗಿ ಕೈಕೊಡುವಂತೆ ಮಾಡುವ ಎಎಲ್ಎಸ್ ಕಾಯಿಲೆ ಅವರಿಗಿದೆಯೆಂದು 1994ರಲ್ಲಿ ಗೊತ್ತಾಯಿತು. ಸಹೋದ್ಯೋಗಿಯೊಬ್ಬರ ಅಂತ್ಯಕ್ರಿಯೆಯಲ್ಲಿ ಕೇಳಿದ ಒಳ್ಳೆಯ ಮಾತುಗಳು ಸತ್ತವರ ಕಿವಿಗೆ ಬೀಳಲೇ ಇಲ್ಲವಲ್ಲ ಎನಿಸಿ, ಬದುಕಿರುವಾಗಲೇ ತಮ್ಮ ನುಡಿನಮನ ಸಭೆಯನ್ನು ಮನೆಯಲ್ಲೇ ಏರ್ಪಡಿಸಿಕೊಂಡು ಕುಳಿತು ಕೇಳಿದರು. ಹಳೆಯ ಶಿಷ್ಯ, ಪತ್ರಕರ್ತ ಮಿಚ್ ಆಲ್ಬಮ್ ಮಂಗಳವಾರಗಳಂದು ಬಂದು ದಾಖಲಿಸಿದ ಮಾತುಕತೆ 1997ರಲ್ಲಿ ಪುಸ್ತಕವಾಯಿತು. ಮೋರಿ ಅದನ್ನು ನೋಡಲಿಲ್ಲ. 1995ರ ನವೆಂಬರ್ 4ರಂದೇ ಹೊರಟುಹೋಗಿದ್ದರು.

ಇಷ್ಟು ವರ್ಷಗಳ ಬಳಿಕ ತಿರುಗಿ ನೋಡಿದರೆ ಈ ಇಬ್ಬರ ಮಾತುಗಳೇ ಎಲ್ಲಕ್ಕಿಂತ ದೂರ ಹೋಗಿವೆ. ಮುಂಜಾನೆಯ ವಾಟ್ಸ್ಆಪ್ ಸಂದೇಶಕ್ಕೂ ಅವು ಸಲ್ಲುತ್ತವೆ. ಆದರೆ ಆ ಮಾತುಗಳಿಗೆ ತೂಕ ಬಂದದ್ದು ಸಾವಿನಿಂದ ಎಂದುಕೊಂಡರೆ ತಪ್ಪಾದೀತು. ರೋಗ ಬರುವ ಮುಂಚೆಯೇ ಇಬ್ಬರೂ ಒಳ್ಳೆಯ ಮೇಷ್ಟ್ರುಗಳಾಗಿದ್ದರು. ಮೋರಿ ಮನೋರೋಗ ಆಸ್ಪತ್ರೆಯೊಂದರಲ್ಲಿ ರೋಗಿಗಳ ಜೊತೆ ಬೆರೆತು ಅಧ್ಯಯನ ಮಾಡಿ, 1954ರಲ್ಲೇ ಅದರ ಬಗ್ಗೆ ಸಹಲೇಖಕರಾಗಿ ಪುಸ್ತಕ ತಂದಿದ್ದರು. ಅವರ ಕೇಳುವ ಕಿವಿ ಅಲ್ಲಿ ಪಳಗಿದ್ದು. ಪಾಶ್ ರಂಗಭೂಮಿಯ ಪ್ರಾಧ್ಯಾಪಕ ಡಾನ್ ಮರಿನೆಲ್ಲಿ ಅವರೊಂದಿಗೆ ಕಲೆ ಮತ್ತು ಕಂಪ್ಯೂಟರ್ ವಿದ್ಯಾರ್ಥಿಗಳನ್ನು ಒಂದೇ ತಂಡದಲ್ಲಿ ಕೂರಿಸುವ ಕೇಂದ್ರ ಕಟ್ಟಿದ್ದರು. ಬೊಂಬೆಗಳನ್ನು ಕುಣಿಸುತ್ತಲೇ ಪ್ರೋಗ್ರಾಮಿಂಗ್ ಕಲಿಸುವ ‘ಆಲಿಸ್’ ತಂತ್ರಾಂಶವನ್ನು ಪಾಶ್ ಅವರ ತಂಡ ರೂಪಿಸಿತ್ತು. ಅದು ಇಂದಿಗೂ ಉಚಿತವಾಗಿ ಸಿಗುತ್ತದೆ. ಕಂಪ್ಯೂಟರ್ ಮತ್ತು ಕಲಾ ವಿಭಾಗಗಳ ಕಟ್ಟಡಗಳನ್ನು ಕೂಡಿಸುವ ಕಾಲುಸೇತುವೆಗೆ ವಿಶ್ವವಿದ್ಯಾಲಯ ಅವರ ಹೆಸರಿಟ್ಟಿದೆ.

ಕಡಿಮೆ ನೆನಪಿನಲ್ಲಿರುವ ಸಂಗತಿ ಇನ್ನೊಂದು. 2008ರ ಮಾರ್ಚ್‌ನಲ್ಲಿ, ಸಾವಿಗೆ ನಾಲ್ಕು ತಿಂಗಳಿರುವಾಗ, ಪಾಶ್ ಅಮೆರಿಕದ ಸಂಸತ್ತಿನ ಉಪಸಮಿತಿಯ ಮುಂದೆ ಕುಳಿತು ಈ ಕ್ಯಾನ್ಸರಿನ ಸಂಶೋಧನೆಗೆ ಹೆಚ್ಚು ಹಣ ಕೊಡಿ ಎಂದು ಕೇಳಿದರು. ಆಗ ಅಲ್ಲಿ ಈ ರೋಗ ಪತ್ತೆಯಾದ ನೂರು ಮಂದಿಯಲ್ಲಿ ಐದು ವರ್ಷ ಬದುಕುತ್ತಿದ್ದವರು ಸುಮಾರು 5. ಈಗ ಸುಮಾರು 13. ಏರಿಕೆ ದೊಡ್ಡದಲ್ಲ, ಸುಳ್ಳೂ ಅಲ್ಲ. ಎಎಲ್ಎಸ್‌ಗೆ ಮೊದಲ ಔಷಧ ರಿಲುಜೋಲ್‌ಗೆ ಅಲ್ಲಿ ಅನುಮತಿ ಸಿಕ್ಕಿದ್ದು ಮೋರಿ ಸತ್ತ ಮರುತಿಂಗಳು. ಅದೂ ರೋಗದ ವೇಗವನ್ನು ತುಸು ತಗ್ಗಿಸುತ್ತದೆ, ಅಷ್ಟೆ.

ಜಮೆಯ ಜೊತೆ ಖರ್ಚಿನ ಪುಟವನ್ನೂ ತೆರೆಯಬೇಕು. ನಗುನಗುತ್ತ ಸಾಯುವುದೇ ಮಾದರಿ ಎಂಬ ಹೊರೆಯನ್ನು ಈ ಕಥೆಗಳು ತಿಳಿಯದೆಯೇ ಇತರ ರೋಗಿಗಳ ಮೇಲೆ ಹೇರಿವೆ. ನೋವಿನಲ್ಲಿ ಸಿಡುಕುವವರು, ಮುಖ ತಿರುಗಿಸಿ ಮಲಗುವವರು, ಯಾರಿಗೂ ಏನನ್ನೂ ಹೇಳಲೊಲ್ಲದವರು ಸೋತವರಲ್ಲ. ಇವರಿಬ್ಬರಿಗೆ ವಿಶ್ವವಿದ್ಯಾಲಯದ ಆಸರೆ, ಸುತ್ತ ಕುಟುಂಬ, ಕೇಳಲು ಶಿಷ್ಯರು ಇದ್ದರು. ಹಾಗಿದ್ದೂ ಆಲ್ಬಮ್ ತಮ್ಮ ಪುಸ್ತಕಕ್ಕೆ ಬಂದ ಮುಂಗಡ ಹಣವನ್ನು ಮೋರಿಯ ವೈದ್ಯಕೀಯ ವೆಚ್ಚಕ್ಕೆ ಕೊಡಬೇಕಾಯಿತು. ಆ ಆಸರೆಯೂ ಇಲ್ಲದವರಿಗೆ ಮೊದಲು ಬೇಕಾದದ್ದು ನೋವಿಗೆ ಮದ್ದು, ಪಕ್ಕದಲ್ಲೊಬ್ಬರು, ಸಾಲವಿಲ್ಲದ ಚಿಕಿತ್ಸೆ.

ಈ ಇಬ್ಬರು ಮೇಷ್ಟ್ರುಗಳನ್ನು ಗೌರವಿಸುವ ಬಗೆಯೂ ಇಲ್ಲಿಂದಲೇ ತಿಳಿಯುತ್ತದೆ. ನಮಗೆ ಕಲಿಸಿದವರಿಗೆ ಹೇಳಬೇಕಾದದ್ದನ್ನು ಅವರ ಕಿವಿ ಕೇಳುವಾಗಲೇ ಹೇಳೋಣ. ಹಾಸಿಗೆ ಹಿಡಿದವರಿಂದ ಉಪದೇಶ ನಿರೀಕ್ಷಿಸದೆ ನೆರವಿನೊಂದಿಗೆ ಹೋಗೋಣ. ಅವರಾಗಿಯೇ ಮಾತಾಡಿದರೆ, ಆಗ ಕೇಳಿಸಿಕೊಳ್ಳೋಣ.