ನಮ್ಮ ಜಾಲತಾಣ ಯಾರ ಕಣ್ಣಿಗೆ ಬೀಳಬೇಕು?

ಕಳೆದ ಕಾರ್ಯಕಾರಿ ಸಮಿತಿಯ ಸಭೆಯ ಮುಂದೆ ಒಂದು ಪ್ರಸ್ತಾವ ಬಂದಿತ್ತು. ನಮ್ಮ ಸಂಘದ ಜಾಲತಾಣವನ್ನು ನೂರು ಶೋಧಯಂತ್ರಗಳಲ್ಲಿಯೂ ನಿರ್ದೇಶಿಕೆಗಳಲ್ಲಿಯೂ ನೋಂದಾಯಿಸಿ, ಮೂರು ತಿಂಗಳೊಳಗೆ ಮೊದಲ ಪುಟಕ್ಕೆ ತರುವುದಾಗಿ ಖಾಸಗಿ ಸಂಸ್ಥೆಯೊಂದು ಬರೆದಿತ್ತು. ಕೇಳಿದ ಹಣ ನಮ್ಮ ರಾಜ್ಯೋತ್ಸವದ ಊಟದ ಖರ್ಚಿಗೆ ಹೆಚ್ಚುಕಡಿಮೆ ಸಮ. ಖಜಾಂಚಿಗಳು ಒಪ್ಪಿದ್ದರು, ಅಧ್ಯಕ್ಷರೂ ಬಹುಮಟ್ಟಿಗೆ ಒಪ್ಪಿದ್ದರು. ವಿರೋಧಿಸಿದವನು ನಾನೊಬ್ಬನೇ. ಅಂದು ವಿವರಿಸಲು ವೇಳೆ ಸಾಲಲಿಲ್ಲವಾದ್ದರಿಂದ ನನ್ನ ಕಾರಣಗಳನ್ನು ಸದಸ್ಯರ ಮುಂದೆ ಇಲ್ಲಿ ಇಡುತ್ತಿದ್ದೇನೆ.

ಇಂಥ ನೋಂದಣಿಗೆ ಅರ್ಥವಿದ್ದ ಕಾಲವೊಂದಿತ್ತು. 1994ರಲ್ಲಿ ಜೆರ್ರಿ ಯಾಂಗ್ ಮತ್ತು ಡೇವಿಡ್ ಫಿಲೊ ಎಂಬ ಇಬ್ಬರು ವಿದ್ಯಾರ್ಥಿಗಳು ಆರಂಭಿಸಿದ ಯಾಹೂ ಮೂಲತಃ ಮನುಷ್ಯರೇ ಕುಳಿತು ವಿಂಗಡಿಸಿದ ಪಟ್ಟಿ. 1998ರಲ್ಲಿ ಹುಟ್ಟಿದ ಡಿಮಾಜ್ ಎಂಬ ನಿರ್ದೇಶಿಕೆಯನ್ನು ಸ್ವಯಂಸೇವಕ ಸಂಪಾದಕರು ನಡೆಸುತ್ತಿದ್ದರು. ಅರ್ಜಿ, ಪರಿಶೀಲನೆ, ವರ್ಗೀಕರಣ, ಆಮೇಲೆ ಮಂಜೂರಾತಿ: ಮೂರು ದಶಕ ಸರ್ಕಾರಿ ಕಡತಗಳ ನಡುವೆ ಕಳೆದ ನನ್ನಂಥವನಿಗೆ ಆ ವ್ಯವಸ್ಥೆ ಬಹಳ ಆಪ್ತವಾಗಿ ಕಾಣುತ್ತದೆ. ಆದರೆ ಆಲ್ಟಾವಿಸ್ಟಾ 2013ರಲ್ಲಿ, ಯಾಹೂ ನಿರ್ದೇಶಿಕೆ 2014ರಲ್ಲಿ, ಡಿಮಾಜ್ 2017ರಲ್ಲಿ ಮುಚ್ಚಿಹೋದವು. ಸಂಸ್ಥೆಯವರು ಹೇಳುವ ಆ ನೂರು ಯಾವುವು ಎಂದು ಕೇಳಿದೆ. ಪಟ್ಟಿ ಇನ್ನೂ ಬಂದಿಲ್ಲ.

ಇಂದಿನ ಶೋಧಯಂತ್ರವು ಅರ್ಜಿಗಾಗಿ ಕಾಯುವುದಿಲ್ಲ. ಒಂದು ಪುಟದಿಂದ ಇನ್ನೊಂದಕ್ಕೆ ಕೊಂಡಿ ಹಿಡಿದು ತಾನೇ ಸಾಗುತ್ತದೆ; ಓದಿದ ಪದಗಳನ್ನು ಗ್ರಂಥದ ಕೊನೆಯ ಪದಸೂಚಿಯಂತೆ ಜೋಡಿಸಿಡುತ್ತದೆ. ಸೂಚಿಗೆ ಸೇರಿಸಲಿಕ್ಕಾಗಲಿ, ಮೇಲಿನ ಸ್ಥಾನ ಕೊಡಲಿಕ್ಕಾಗಲಿ ತಾನು ಹಣ ಪಡೆಯುವುದಿಲ್ಲವೆಂದು ಗೂಗಲ್ ತಾನೇ ಹೇಳುತ್ತದೆ. ಜಾಲತಾಣ ನಮ್ಮದೆಂದು ರುಜುವಾತುಪಡಿಸಿ, ಪುಟಗಳ ನಕ್ಷೆಯೊಂದನ್ನು ಅದರ ಸರ್ಚ್ ಕನ್ಸೋಲ್‌ನಲ್ಲಿ ಒಪ್ಪಿಸಿದರೆ ಆಯಿತು, ಅದಕ್ಕೂ ಶುಲ್ಕವಿಲ್ಲ. ಸದಸ್ಯರೊಬ್ಬರ ಕಾಲೇಜು ಓದುವ ಮಗಳನ್ನು ಕೂರಿಸಿಕೊಂಡು ಒಂದು ಸಂಜೆಯಲ್ಲಿ ಈ ಕೆಲಸ ಮುಗಿಸಿದೆ. ಮಾಡಿದವಳು ಅವಳು, ನಾನು ಚಹಾ ಕುಡಿದೆ.

ಕೆಲವು ದಿನಗಳ ಮೇಲೆ ಹುಡುಕಿ ನೋಡಿದೆವು. ಸಂಘದ ಹೆಸರು, ವಿಳಾಸ, ಸಭಾಂಗಣದ ಬಾಡಿಗೆಯ ದರ ಎಲ್ಲವೂ ಸಿಕ್ಕವು. ಈ ತ್ರೈಮಾಸಿಕದ ಹಳೆಯ ಲೇಖನಗಳಲ್ಲಿ ಒಂದೂ ಸಿಗಲಿಲ್ಲ.

ಕಾರಣ ತಿಳಿದಾಗ ನನಗೆ ನಿಜಕ್ಕೂ ಸಂಕಟವಾಯಿತು. 2003ರಿಂದ 2013ರವರೆಗಿನ ನಲವತ್ತನಾಲ್ಕು ಸಂಚಿಕೆಗಳನ್ನು ನಾವು ಹಳೆಯ ನುಡಿ ಅಕ್ಷರಗಳಲ್ಲಿ ಬೆರಳಚ್ಚು ಮಾಡಿಸಿದ್ದೆವು. ಪರದೆಯ ಮೇಲೆ ಅದು ಮುತ್ತಿನಂಥ ಕನ್ನಡ. ಒಳಗೆ ದಾಖಲಾಗಿರುವುದು ಮಾತ್ರ ರೋಮನ್ ಅಕ್ಷರಗಳು ಮತ್ತು ಚಿಹ್ನೆಗಳು. ಅವುಗಳಿಗೆ ಕನ್ನಡದ ವೇಷ ತೊಡಿಸಲಾಗಿದೆ. 'ಕನ್ನಡ' ಎಂಬ ಪದವೇ ಅಲ್ಲಿ ಇಂಗ್ಲಿಷಿನ 'ಪಿ' ಅಕ್ಷರದಿಂದ ಆರಂಭವಾಗುತ್ತದೆ, ನಡುವೆ ಬ್ರಿಟಿಷರ ಪೌಂಡಿನ ಗುರುತು ಬರುತ್ತದೆ! ಯಂತ್ರ ಓದುವುದು ಆ ವೇಷವನ್ನಲ್ಲ, ಒಳಗಿನ ದಾಖಲೆಯನ್ನು. ಕನ್ನಡ ಲಿಪಿಗೆ ಯೂನಿಕೋಡಿನಲ್ಲಿ 1991ರಲ್ಲಿಯೇ ಸ್ವಂತ ಸ್ಥಾನ ದೊರೆತಿತ್ತು. ನಾವು ಅಲ್ಲಿಗೆ ಹೋಗಿ ಸೇರಲು ಬಹಳ ತಡಮಾಡಿದೆವು. ನೂರಲ್ಲ, ಸಾವಿರ ಕಡೆ ನೋಂದಾಯಿಸಿದರೂ ಈ ದೋಷ ನೀಗದು.

ಆ ಸಂಚಿಕೆಗಳಲ್ಲಿ ಏನಿದೆಯೆಂಬುದನ್ನು ಹಿರಿಯ ಸದಸ್ಯರು ಬಲ್ಲರು. ಈ ಊರಿಗೆ ಮೊದಲು ಬಂದು ಒಂದೇ ಕೋಣೆಯಲ್ಲಿ ಎಂಟು ಜನ ಮಲಗಿದವರು ತಮ್ಮ ಕೈಯಾರೆ ಬರೆದ ನೆನಪುಗಳಿವೆ. ಬರೆದವರಲ್ಲಿ ಹಲವರು ಈಗಿಲ್ಲ. ಅವರ ಮೊಮ್ಮಕ್ಕಳು ಅಜ್ಜನ ಹೆಸರನ್ನು ಕನ್ನಡದಲ್ಲಿ ಹುಡುಕಿದರೆ ಯಂತ್ರ ಬರಿಗೈ ತೋರಿಸುತ್ತದೆ.

ನಮ್ಮ ಮೊಮ್ಮಕ್ಕಳಿಗೆ ಕನ್ನಡ ಲಿಪಿಯೇ ಬಾರದು, ಅವರು ಕನ್ನಡದಲ್ಲಿ ಏಕೆ ಹುಡುಕುತ್ತಾರೆ ಎಂದು ಖಜಾಂಚಿಗಳು ಕೇಳಿದರು. ಪ್ರಶ್ನೆ ಕಹಿಯಾದರೂ ನ್ಯಾಯವಾದದ್ದೇ. ಆದ್ದರಿಂದ ಪ್ರತಿ ಲೇಖನದ ಶೀರ್ಷಿಕೆಯನ್ನೂ ಲೇಖಕರ ಹೆಸರನ್ನೂ ರೋಮನ್ ಲಿಪಿಯಲ್ಲಿ ಕೂಡ ಕೊಡೋಣ. ಆದರೆ ಧಾರವಾಡದ, ಮಂಗಳೂರಿನ ಸಂಶೋಧಕನೊಬ್ಬ ಹೊರನಾಡ ಕನ್ನಡಿಗರ ಬಗ್ಗೆ ಕನ್ನಡದಲ್ಲಿ ಹುಡುಕುವುದಿಲ್ಲವೇ? ಅವನಿಗೂ ನಾವು ಕಾಣಬೇಡವೇ?

ಹಳೆಯ ಅಕ್ಷರಗಳನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಆದರೂ ಅರ್ಕಾವೊತ್ತು, ಒತ್ತಕ್ಷರಗಳು ಅಲ್ಲಲ್ಲಿ ಪಲ್ಲಟವಾಗುತ್ತವೆ, ಕನ್ನಡ ಬಲ್ಲ ಕಣ್ಣೊಂದು ತಿದ್ದಲೇಬೇಕು. ಹಣ ಖರ್ಚಾಗುವುದಾದರೆ ಈ ತಿದ್ದುವ ಕೆಲಸಕ್ಕೆ ಆಗಲಿ. ಮಿಕ್ಕ ಊರುಗಳ ಕನ್ನಡ ಸಂಘಗಳೂ ನಾವೂ ಪರಸ್ಪರರ ಜಾಲತಾಣಗಳಿಗೆ ಕೊಂಡಿ ಕೊಟ್ಟುಕೊಂಡರೆ ಯಂತ್ರಕ್ಕೆ ದಾರಿ ಇನ್ನೂ ಸುಗಮವಾಗುತ್ತದೆ. ಅದಕ್ಕೆ ತಗಲುವುದು ಒಂದು ಪತ್ರದ ಖರ್ಚು.

ನಾನು 2003ರ ಎರಡು ಸಂಚಿಕೆಗಳನ್ನು ತಿದ್ದಿ ಮುಗಿಸಿದ್ದೇನೆ. ಒಂದು ಸಂಚಿಕೆಗೆ ನಾಲ್ಕು ಭಾನುವಾರಗಳು ಹಿಡಿದವು. ಪ್ರಸ್ತಾವವು ಮುಂದಿನ ಸಭೆಗೆ ಮತ್ತೆ ಬರಲಿದೆ. ಅಷ್ಟರೊಳಗೆ ತಲಾ ಒಂದು ಸಂಚಿಕೆಯನ್ನು ವಹಿಸಿಕೊಳ್ಳಲು ಸಿದ್ಧರಿರುವ ಸದಸ್ಯರು ಸಂಘದ ಕಚೇರಿಯಲ್ಲಿ ಹೆಸರು ಬರೆಸಬೇಕಾಗಿ ಕೋರುತ್ತೇನೆ.